ಕೊಲಂಬೊದಲ್ಲಿ ನಾನು ತೋರಿಸಿದ ಬೆರಳುಗಳು

ಸಿಂಹಳಕ್ಕೆ ಹೋಗಿ ಬಂದವನೆಂದು ಹೊಸಕೋಟೆಯಲ್ಲಿ ನನಗೆ ಒಂದಿಷ್ಟು ಮರ್ಯಾದೆ ಇದೆ. ಸಮುದ್ರ ಹೇಗಿರುತ್ತದೆ, ಅಲ್ಲಿಯ ಜನ ಏನು ತಿನ್ನುತ್ತಾರೆ, ರಾವಣನ ಕೋಟೆ ನೋಡಿದಿರಾ ಎಂದು ಈಗಲೂ ಕೇಳುತ್ತಾರೆ. ನಮ್ಮ ಹೆಡ್‌ಮಾಸ್ತರರು ಶಾಲೆಯಲ್ಲಿ ಒಂದು ಭಾಷಣವನ್ನೇ ಇಡಿಸಿದರು. ನಾನು ತೆಂಗಿನ ಮರಗಳ ವಿಷಯ ಹೇಳಿದೆ, ಹಡಗಿನ ವಿಷಯ ಹೇಳಿದೆ, ಕೂತುಬಿಟ್ಟೆ. ಆವತ್ತು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ಆ ಮರ್ಯಾದೆ ಹೋದರೆ ಹೋಗಲಿ.

ಹೊಸಕೋಟೆ

ನಾನು ಇಲ್ಲಿಯ ಹೈಸ್ಕೂಲಿನ ಡ್ರಿಲ್ ಮಾಸ್ತರ, ಹೆಸರು ಚನ್ನಪ್ಪ. ಮದ್ರಾಸಿನಲ್ಲಿ ಒಂದು ವರ್ಷ ವ್ಯಾಯಾಮದ ತರಬೇತಿ ಮುಗಿಸಿ ಬರುವಾಗ ಬ್ಯಾಸ್ಕೆಟ್‌ಬಾಲ್ ಆಟವನ್ನೂ ಹೊತ್ತುಕೊಂಡು ಬಂದೆ. ಕೆರೆಯ ಕೆಳಗಿನ ಬಯಲಿನಲ್ಲಿ ಎರಡು ಸರ್ವೆ ಕಂಬ ನೆಟ್ಟು, ಹಳೆಯ ಗಾಡಿ ಚಕ್ರದ ಪಟ್ಟಿಯಲ್ಲಿ ಕಮ್ಮಾರನಿಂದ ಚೆಂಡು ತೂರುವ ಬಳೆ ಮಾಡಿಸಿ, ಹುಡುಗರಿಗೆ ಆಟ ಕಲಿಸಿದೆ. ನನಗೆ ಮಾತ್ರ ಆಡುವುದಕ್ಕಿಂತ ತೀರ್ಪು ಕೊಡುವುದರಲ್ಲೇ ರುಚಿ. ಸೀಟಿ ಊದಿದರೆ ಹತ್ತು ಜನ ನಿಂತಲ್ಲೇ ನಿಲ್ಲುತ್ತಾರೆ. ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಇಲ್ಲ.

ಈ ಆಟದಲ್ಲಿ ಯಾರಾದರೂ ಎದುರಾಳಿಯನ್ನು ನೂಕಿದರೆ, ಹಿಡಿದರೆ, ಅದು ಫೌಲ್. ತೀರ್ಪುಗಾರ ಸೀಟಿ ಊದಿ, ತಪ್ಪು ಮಾಡಿದವನ ಕಡೆ ಕೈ ಮಾಡಿ, ಆಮೇಲೆ ಲೆಕ್ಕದ ಮೇಜಿನ ಕಡೆ ತಿರುಗಿ ಅವನ ಅಂಗಿಯ ಮೇಲಿನ ನಂಬರನ್ನು ಬೆರಳಲ್ಲಿ ತೋರಿಸಬೇಕು. ಮೇಜಿನಲ್ಲಿ ಕೂತವನು ಆ ನಂಬರಿನ ಮುಂದೆ ಒಂದು ಗೀಟು ಹಾಕುತ್ತಾನೆ. ನಾವು ಆಡುತ್ತಿದ್ದ ನಿಯಮದಲ್ಲಿ ನಾಲ್ಕು ಗೀಟು ಬಿದ್ದರೆ ಆಟಗಾರ ಹೊರಗೆ. ಒಂದು ಬೆರಳು, ಎರಡು ಬೆರಳು ಎತ್ತುವುದು ಪಾಯಿಂಟು ತೋರಿಸುವುದಕ್ಕೆ ಮೀಸಲು. ಆದ್ದರಿಂದ ಅಂಗಿಗಳ ನಂಬರು ಮೂರರಿಂದ ಶುರುವಾಗುತ್ತಿತ್ತು.

ಐದರ ತನಕ ಒಂದು ಕೈ, ಅದರ ಮೇಲೆ ಎರಡು ಕೈ, ಹತ್ತು ದಾಟಿದರೆ ಒಂದು ಮುಷ್ಟಿಯ ಜೊತೆಗೆ ಮಿಕ್ಕ ಬೆರಳು ಎಂದು ಮದ್ರಾಸಿನಲ್ಲಿ ಕಲಿಸಿದ್ದರು. ನಮ್ಮೂರಿನ ಎಣಿಕೆ ಬೇರೆ. ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಇಡುತ್ತ ಹೋಗುವುದು. ಕಿರುಬೆರಳಿನ ಬುಡದಿಂದ ತುದಿಯವರೆಗೆ ಒಂದು, ಎರಡು, ಮೂರು. ಉಂಗುರದ ಬೆರಳಿಗೆ ಬಂದರೆ ನಾಲ್ಕು, ಐದು, ಆರು. ತೋರುಬೆರಳಿನ ತುದಿ ಮುಟ್ಟುವ ಹೊತ್ತಿಗೆ ಹನ್ನೆರಡು. ನಮ್ಮವ್ವ ಎಮ್ಮೆ ಈಯುವ ತಿಂಗಳು ಎಣಿಸುತ್ತಿದ್ದದ್ದು ಹೀಗೆ. ಸಂತೆಯಲ್ಲಿ ಬದನೆಕಾಯಿ ಬುಟ್ಟಿ ಎಣಿಸುವುದೂ ಹೀಗೆಯೇ. ಒಂದೇ ಕೈಯಲ್ಲಿ ಹನ್ನೆರಡು ಮುಗಿಯುವಾಗ ಎರಡು ಕೈ ಏಕೆ ಎಂದು ನಾನು ಆಟದಲ್ಲೂ ಇದನ್ನೇ ತಂದೆ. ನಮ್ಮ ಶಾಲೆಯ ಗುಮಾಸ್ತ ನಂಜುಂಡಪ್ಪ ಲೆಕ್ಕ ಬರೆಯುತ್ತಿದ್ದ. ಬಯಲಿನ ಆ ತುದಿಯಿಂದಲೂ ನನ್ನ ಹೆಬ್ಬೆರಳು ಯಾವ ಗೆಣ್ಣಿನ ಮೇಲಿದೆ ಎಂದು ಹೇಳಬಲ್ಲವನು. ಮದ್ರಾಸಿನವರಿಗೆ ಹತ್ತು ಬೆರಳು ಬೇಕು, ನಮಗೆ ಐದೇ ಸಾಕು ಎಂದು ನಾನು ಜಂಭ ಕೊಚ್ಚಿಕೊಳ್ಳುತ್ತಿದ್ದೆ.

ನನ್ನ ಕೈಯಲ್ಲಿ ಕಲಿತವರಲ್ಲಿ ಎಲ್ಲರಿಗಿಂತ ಮೇಲಾದವನು ಮುನಿರಾಜು. ಒಕ್ಕಲು ಮನೆಯವನು, ಇಪ್ಪತ್ಮೂರು ವರ್ಷದವನು. ಬೆಳಗ್ಗೆ ತರಕಾರಿ ಗಾಡಿ ಹೊಡೆದುಕೊಂಡು ಬೆಂಗಳೂರಿಗೆ ಹೋಗುವುದು, ಸಂಜೆ ಅಲ್ಲಿಯ ಒಂದು ಕ್ಲಬ್ಬಿಗೆ ಆಡುವುದು. ಕಾಲು ಚುರುಕು, ಸಿಟ್ಟು ಅದಕ್ಕಿಂತ ಚುರುಕು. ಒಂದು ಪಂದ್ಯದಲ್ಲಿ ಅವನ ಮೊಣಕೈ ತಗುಲಿ ಒಬ್ಬನ ಹಲ್ಲು ಉದುರಿತ್ತು. ಆ ಕ್ಲಬ್ಬಿನ ಸೆಕ್ರೆಟರಿ ದೊರೆಸ್ವಾಮಿ ಎಂಬವರು ಒಂದು ಕಾರ್ಖಾನೆಯಲ್ಲಿ ದೊಡ್ಡ ಮೇಸ್ತ್ರಿ. ಅವರು ಮುನಿರಾಜುವಿಗೆ ನನ್ನ ಎದುರಿಗೇ ಹೇಳಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಕ್ಲಬ್ಬಿನ ತಂಡ ಪಂದ್ಯವಾಡಲು ಕೊಲಂಬೊಕ್ಕೆ ಹೊರಟಾಗಿನ ಮಾತು.

"ನೋಡಪ್ಪಾ, ಕಾರ್ಖಾನೆ ಟೀಮಿಗೆ ಒಬ್ಬ ಬೇಕು. ಕೆಲಸಾನೂ ಕೊಡಿಸ್ತೀನಿ. ಆದ್ರೆ ಕೊಲಂಬೋದಲ್ಲಿ ನಾಲ್ಕು ಫೌಲ್ ಮಾಡಿ ಹೊರಗೆ ಬಂದ್ಯೋ, ನನ್ನ ಮುಖ ನೋಡ್ಬೇಡ. ಮೆಷಿನ್ ಮುಂದೆ ನಿಲ್ಲೋನಿಗೆ ಕೈ ಹತೋಟೀಲಿರ್ಬೇಕು."

ನೆಲಮಂಗಲದಲ್ಲಿ ಮುನಿರಾಜುವಿನ ಸೋದರಮಾವನ ಮಗಳಿದ್ದಳು, ಗೌರಿ. ಚಿಕ್ಕಂದಿನಿಂದ ಇವನಿಗೇ ಎಂದು ಇದ್ದವಳು. ಗಾಡಿ ಹೊಡೆಯುವವನಿಗೆ ಕೊಡುವುದಿಲ್ಲ, ಕಾರ್ಖಾನೆಗೆ ಸೇರಿದರೆ ಆ ಶ್ರಾವಣದಲ್ಲೇ ಧಾರೆ ಎಂದು ಮಾವ ಈಗ ಪಟ್ಟು ಹಿಡಿದಿದ್ದ. ಆದ್ದರಿಂದ ಆ ಪ್ರಯಾಣದಲ್ಲಿ ಮಿಕ್ಕವರು ಸಮುದ್ರ ನೋಡಲು ಹೊರಟಿದ್ದರು, ಮುನಿರಾಜು ಒಬ್ಬನು ಮದುವೆಗೆ ಹೊರಟಿದ್ದ. ಎರಡು ಕಡೆಯಿಂದ ಒಬ್ಬೊಬ್ಬ ತೀರ್ಪುಗಾರ ಎಂದು ಒಪ್ಪಂದವಾಗಿದ್ದರಿಂದ ನನ್ನನ್ನೂ, ಲೆಕ್ಕ ಬರೆಯಲು ನಂಜುಂಡಪ್ಪನನ್ನೂ ಕರೆದರು.

ಇದ್ದಿಲು ಉರಿಸಿ ಓಡಿಸುವ ಬಸ್ಸು ಕೆಮ್ಮುತ್ತ ನಿಂತಿತ್ತು. ಮುನಿರಾಜು ನನ್ನ ಪೆಟ್ಟಿಗೆ ಎತ್ತಿ ಮೇಲೆ ಇಟ್ಟ.

"ಕೈ ಕಟ್ಕೊಂಡು ಆಡ್ತೀನಿ ಮೇಷ್ಟ್ರೇ. ಸೀಟಿ ನಿಮ್ಮ ಬಾಯಲ್ಲಿದ್ರೆ ನಂಗೇನು ಭಯ?"

ಮಂಡಪಂ

ಮಂಡಪಂ ಎಂಬುದು ನಮ್ಮ ನೆಲ ಮುಗಿಯುವ ಜಾಗ. ಸಿಂಹಳಕ್ಕೆ ಹೋಗುವವರನ್ನು ಅಲ್ಲಿಯ ಶಿಬಿರದಲ್ಲಿ ಇಳಿಸಿ ರೋಗ ರುಜಿನ ಇದೆಯೇ ಎಂದು ನೋಡುತ್ತಾರೆ. ಮೂರನೆಯ ತರಗತಿಯವರಿಗೆ ತಪಾಸಣೆ ಹೆಚ್ಚು. ನಮ್ಮ ಸಾಲಿನಲ್ಲಿ ಮುಂದೆ ಚಹಾ ತೋಟಕ್ಕೆ ಹೊರಟ ಕೂಲಿಯವರು, ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸು. ಅವರ ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ಕೊಡುತ್ತಿದ್ದರು. ನಾವು ಆಟಗಾರರು ಎಂದು ದೊರೆಸ್ವಾಮಿಯವರು ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ ನಮ್ಮ ಬಟ್ಟೆಗಳೂ ಬೆಂದವು. ಹೊಸಕೋಟೆಯ ದರ್ಜಿ ಹೊಲಿದು ಕೊಟ್ಟಿದ್ದ ನಂಬರಿನ ಅಂಗಿಗಳು ಕುಗ್ಗಿ ಹೊಕ್ಕಳಿಗೆ ಬಂದವು. ಮುನಿರಾಜುವಿನ ಮೂರನೆಯ ನಂಬರು ಎದೆಯಿಂದ ಕತ್ತಿಗೆ ಏರಿ ಕೂತಿತ್ತು. ಎಲ್ಲರೂ ನಕ್ಕರು. ಅವನೂ ನಕ್ಕ.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಂಜುಂಡಪ್ಪನಿಗೆ ಮೈ ಬಿಸಿಯಾಗಿತ್ತು. ದಾರಿಯಲ್ಲಿ ಬೇಡ ಬೇಡ ಎಂದರೂ ಕಡಲೆಕಾಯಿ ತಿಂದು ನೀರು ಕುಡಿದಿದ್ದ. ಡಾಕ್ಟರು ಬಾಯಿಗೆ ಗಾಜಿನ ಕಡ್ಡಿ ಇಟ್ಟು ನೋಡಿ ಬೇರೆ ಸಾಲಿಗೆ ನಿಲ್ಲಿಸಿದರು. ಜ್ವರ ಬಿಡುವ ತನಕ ಹಡಗು ಇಲ್ಲ.

"ನೀವು ಹೋಗಿ ಬನ್ನಿ, ಕಡ್ಲೇಕಾಯಿ ನನ್ನ ಕಾಯ್ಕೊಂಡಿರುತ್ತೆ" ಎಂದ ನಂಜುಂಡಪ್ಪ, ಬೇಲಿಯ ಆಚೆಯಿಂದ. ಪಾಪ, ಆಗಲೂ ತಮಾಷೆ ಬಿಡಲಿಲ್ಲ. ಲೆಕ್ಕ ಬರೆಯಲು ಅಲ್ಲಿಯವರೇ ಯಾರಾದರೂ ಸಿಗುತ್ತಾರೆ ಎಂದರು ದೊರೆಸ್ವಾಮಿಯವರು. ನನಗೂ ಅದರಲ್ಲಿ ತೊಂದರೆ ಕಾಣಲಿಲ್ಲ.

ಕೊಲಂಬೊ

ಊರು ಚೊಕ್ಕಟ. ಒಪ್ಪಿಕೊಳ್ಳಬೇಕಾದದ್ದೇ. ನಮ್ಮ ಕಡೆ ಬೀದಿಗೆ ಚೆಲ್ಲುವುದನ್ನು ಅವರು ಎಲ್ಲಿ ಚೆಲ್ಲುತ್ತಾರೋ ನನಗೆ ಗೊತ್ತಾಗಲಿಲ್ಲ. ಮುದುಕರಲ್ಲಿ ಕೆಲವರು ತಲೆಯಲ್ಲಿ ಬಾಗಿದ ಬಾಚಣಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ನಡೆಯುತ್ತಾರೆ. ಚಹಾಕ್ಕೆ ಹಾಲು ಹಾಕುವುದಿಲ್ಲ, ಸಕ್ಕರೆಯನ್ನೂ ಹಾಕುವುದಿಲ್ಲ. ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಒಂದು ಕಡಿ ಕಡಿದು ಒಂದು ಗುಟುಕು ಹೀರುತ್ತಾರೆ. ಚಹಾ ಬೆಳೆಯುವ ದೇಶದಲ್ಲಿ ಚಹಾ ಕುಡಿಯುವ ರೀತಿ ಇದು! ಪಲ್ಯಕ್ಕೂ ಒಣ ಮೀನಿನ ಪುಡಿ ಉದುರಿಸುತ್ತಾರೆ. ನಾನು ಮೂರು ದಿನ ಬಾಳೆಹಣ್ಣು, ಶಾವಿಗೆಯಲ್ಲಿ ಕಳೆದೆ. ಮುನಿರಾಜು ಎಲ್ಲವನ್ನೂ ತಿಂದ. ಮುದ್ದೆ ಒಂದು ಸಿಕ್ಕಿದ್ದರೆ ಇಲ್ಲೇ ಇದ್ದುಬಿಡುತ್ತಿದ್ದೆ ಎಂದ.

ಒಂದು ಅಂಗಡಿಯ ಮುಂದೆ ನಿಂತು ಗೌರಿಗೆ ಆಮೆ ಚಿಪ್ಪಿನ ಹೇರ್‌ಪಿನ್ನು ಕೊಂಡ. ನನಗೆ ತೋರಿಸಿ ಜೇಬಿಗೆ ಇಟ್ಟುಕೊಂಡ. ನಾನು ಹಿರಿಯನಂತೆ, "ಮೊದ್ಲು ಪಂದ್ಯ ಮುಗೀಲಿ ಕಣೋ" ಎಂದೆ.

ಆವತ್ತು ಸಂಜೆ ಅವರ ಆಟಗಾರರನ್ನು ಭೇಟಿ ಮಾಡಿಸಿದರು. ನಾನು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದೆ. ನನ್ನ ಇಂಗ್ಲಿಷು ಹೊಸಕೋಟೆಯದು, ಅದರಲ್ಲಿ ಗಾಡಿಯ ಕೀಲೆಣ್ಣೆ ವಾಸನೆ ಇದೆ. ದೊರೆಸ್ವಾಮಿಯವರು ಬೆಂಗಳೂರಿನ ದಂಡು ಪ್ರದೇಶದವರು, ಬೂಟು ಹಾಕಿಕೊಂಡೇ ಹುಟ್ಟಿದವರು. ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ನಾಳೆ ಗ್ರೌಂಡಲ್ಲಿ ಬಾಯಿ ಬಿಡೋಕೆ ಹೋಗ್ಬೇಡಿ. ಸೀಟಿ ಊದಿ, ಕೈಯಲ್ಲಿ ತೋರ್ಸಿ, ಸಾಕು. ಕ್ಲಬ್ಬಿನ ಮಾನ ಇದೆ."

ಹತ್ತಿರದಲ್ಲಿದ್ದ ಆಟಗಾರರಿಗೆ ಕೇಳಿಸಿತು. ನನ್ನ ಕಿವಿ ಕಾದುಹೋದವು. ಮಾತಾಡದೆಯೇ ಇವರಿಗೆ ತೋರಿಸುತ್ತೇನೆ ಎಂದುಕೊಂಡೆ. ಈ ಹಟವೇ ಮುಂದಿನದಕ್ಕೆಲ್ಲ ಬುಡ.

ಪಂದ್ಯದ ದಿನ

ಬಯಲು ಅಂಗಳ, ಸುತ್ತ ಜನ, ಒಂದು ಮೂಲೆಯಲ್ಲಿ ಡೋಲು ತುತ್ತೂರಿಯವರ ಗುಂಪು. ನಮ್ಮ ಊರಿನಲ್ಲಿ ಮದುವೆಗೂ ಅಷ್ಟು ಬಾರಿಸುವುದಿಲ್ಲ. ಲೆಕ್ಕದ ಮೇಜಿನಲ್ಲಿ ಪೆರೇರಾ ಎಂಬ ಹಿರಿಯರು ಕೂತಿದ್ದರು. ಬಿಳಿ ಕೋಟು, ಚೂಪು ಮಾಡಿದ ಎರಡು ಪೆನ್ಸಿಲು, ಬೆವರು ಒರೆಸಲು ಮಡಿಸಿದ ಕರವಸ್ತ್ರ. ಅವರ ಪಕ್ಕದ ಕುರ್ಚಿಯಲ್ಲಿ ದೊರೆಸ್ವಾಮಿಯವರು.

ಮೊದಮೊದಲು ನಾನು ಜ್ಞಾಪಕವಾಗಿ ಎರಡು ಕೈ ಎತ್ತಿ ಮದ್ರಾಸಿನ ರೀತಿಯಲ್ಲೇ ತೋರಿಸಿರಬೇಕು. ಆಟ ಬಿಸಿಯಾದ ಮೇಲೆ ಕೈ ತನ್ನ ಹಳೆಯ ದಾರಿ ಹಿಡಿಯಿತು. ಮುನಿರಾಜು ಒಮ್ಮೆ ಒಬ್ಬನ ತೋಳು ಹಿಡಿದ. ಸೀಟಿ ಊದಿದೆ, ಕಿರುಬೆರಳ ತುದಿಗೆ ಹೆಬ್ಬೆರಳಿಟ್ಟು ಮೂರು ತೋರಿಸಿದೆ. ಅದು ನ್ಯಾಯವಾದದ್ದು. ಆಮೇಲೆ ನಮ್ಮ ಏಳನೆಯ ನಂಬರಿನವನು ನೂಕಿದ. ನಡುಬೆರಳಿನ ಬುಡದ ಮೇಲೆ ಹೆಬ್ಬೆರಳಿಟ್ಟೆ. ಮಧ್ಯಂತರದ ನಂತರ ಐದನೆಯ ನಂಬರಿನವನು, ಅವನ ಹಿಂದೆ ಹನ್ನೊಂದು. ಬಾಯಿ ಮುಚ್ಚಿಕೊಂಡು, ಕೈ ಮೇಲಕ್ಕೆತ್ತಿ, ಠೀವಿಯಿಂದ ತೋರಿಸಿದೆ. ಮುನಿರಾಜು ಆ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಸಲ ಚೆಂಡನ್ನು ಬುಟ್ಟಿಗೆ ಹಾಕಿದ್ದ. ಎದುರಾಳಿಯೊಬ್ಬ ಬೇಕೆಂದೇ ಅವನ ಪಾದ ತುಳಿದ. ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಕಡೆ ನೋಡಿ ನಕ್ಕ. ಬಸ್ಸಿನ ಹತ್ತಿರ ಕೊಟ್ಟ ಮಾತು ಜ್ಞಾಪಿಸುತ್ತಿದ್ದ.

ಆಗ ಮೇಜಿನಲ್ಲಿ ಗಂಟೆ ಹೊಡೆಯಿತು. ಪೆರೇರಾ ಎದ್ದು ನಿಂತು ಮೂರು ಬೆರಳು ಎತ್ತಿ ಹೇಳಿದರು. ಪ್ರವಾಸಿ ತಂಡದ ಮೂರನೆಯ ನಂಬರು, ನಾಲ್ಕು ಫೌಲ್, ಹೊರಗೆ.

ನಾನು ಮೇಜಿನ ಹತ್ತಿರ ಹೋದೆ. ಪುಸ್ತಕ ನೋಡಿದೆ. ಏಳರ ಮುಂದೆ ಏನೂ ಇಲ್ಲ, ಐದರ ಮುಂದೆ ಏನೂ ಇಲ್ಲ, ಹನ್ನೊಂದರ ಮುಂದೆಯೂ ಇಲ್ಲ. ಮೂರರ ಮುಂದೆ ನಾಲ್ಕು ಗೀಟು, ಅಚ್ಚುಕಟ್ಟಾಗಿ. ಹೇಗೆ ಎಂದು ಪಿಸುದನಿಯಲ್ಲಿ ಕೇಳಿದೆ. ಪೆರೇರಾ ತಮ್ಮ ಕೈ ಎತ್ತಿ ನಾನು ಮಾಡಿದಂತೆಯೇ ಮಾಡಿ ತೋರಿಸಿದರು. ಹೆಬ್ಬೆರಳು ಒಂದು ಬೆರಳನ್ನು ಒತ್ತಿದಾಗ ಅದು ಬಾಗುತ್ತದೆ, ಮಿಕ್ಕ ಮೂರು ನೆಟ್ಟಗೆ ನಿಲ್ಲುತ್ತವೆ. ಯಾವ ಬೆರಳನ್ನು ಒತ್ತಿದರೂ ನಿಲ್ಲುವುದು ಮೂರೇ. ಇಷ್ಟು ವರ್ಷ ನನ್ನ ಕೈಯನ್ನು ನಾನು ಒಳಗಡೆಯಿಂದ ನೋಡಿದ್ದೆ. ಎದುರುಗಡೆಯಿಂದ ಒಂದು ದಿನವೂ ನೋಡಿರಲಿಲ್ಲ.

"ನೀವು ಮೂರು ತೋರಿಸಿದಿರಿ. ಪ್ರತಿ ಸಲ ಮೂರೇ" ಎಂದರು ಪೆರೇರಾ. ಅವರ ತಂಡದ ಲೆಕ್ಕ ಸರಿಯಾಗಿಯೇ ಇತ್ತು. ಅದು ಹೇಗೆ ಎಂದೆ. ನಮ್ಮ ಹುಡುಗರ ಮುಖ ನನಗೆ ಗೊತ್ತು, ಅವರ ವಿಷಯದಲ್ಲಿ ನಾನು ಬೆರಳು ನೋಡಲೇ ಇಲ್ಲ, ನಿಮ್ಮವರ ವಿಷಯದಲ್ಲಿ ನಿಮ್ಮ ಬೆರಳನ್ನೇ ನಂಬಿದೆ ಎಂದರು. ಆಮೇಲೆ ಬಹಳ ಮೆತ್ತಗೆ, "ಏನಾದರೂ ತಪ್ಪಾಗಿದೆಯೇ?" ಎಂದು ಕೇಳಿದರು. ಪೆನ್ಸಿಲನ್ನು ತಿರುಗಿಸಿ, ಅದರ ಹಿಂಬದಿಯ ರಬ್ಬರನ್ನು ಕಾಗದದ ಮೇಲೆ ಇಟ್ಟುಕೊಂಡು ಕಾದರು. ದೇವರಂಥ ಮನುಷ್ಯ. ನಾನು ಒಂದು ಮಾತು ಹೇಳಿದ್ದರೆ ಅಳಿಸುತ್ತಿದ್ದರು.

ದೊರೆಸ್ವಾಮಿಯವರು ಕುರ್ಚಿಯಲ್ಲಿ ಹೊರಳಿದರು. "ಏನ್ ಮೇಷ್ಟ್ರೇ, ಲೆಕ್ಕ ಬರಲ್ವಾ ನಿಮಗೆ?"

ಅಕ್ಕಪಕ್ಕದವರು ನಕ್ಕರು. ಏನೆಂದು ಹೇಳಲಿ? ನಾನು ಸಂತೆಯ ಎಣಿಕೆ ತೋರಿಸಿದೆ, ಎಮ್ಮೆ ಈಯುವ ಲೆಕ್ಕ ತೋರಿಸಿದೆ ಎಂದು ಆ ಕುರ್ಚಿಗಳ ಮುಂದೆ ಹೇಳಲೇ?

"ನೋ ಮಿಸ್ಟೇಕ್" ಎಂದೆ. ಇಡೀ ದಿನ ನಾನು ಗಟ್ಟಿಯಾಗಿ ಆಡಿದ ಇಂಗ್ಲಿಷು ಅದೊಂದೇ.

ಮುನಿರಾಜು ಅಂಗಳದ ನಡುವೆಯೇ ನಿಂತಿದ್ದ. ನಾನು ಹತ್ತಿರ ಹೋಗಿ ಹೊರಗೆ ಎಂದು ಕೈ ಮಾಡಿದೆ.

"ನಾಲ್ಕಾ ಮೇಷ್ಟ್ರೇ?" ಎಂದ.

"ಪುಸ್ತಕದಲ್ಲಿದೆ ಕಣಪ್ಪಾ."

ಅವನು ಸಿಟ್ಟು ಮಾಡಲಿಲ್ಲ. ಮೇಜಿನ ಮುಂದೆ ಹಾದು ಹೋಗುವಾಗ ಪೆರೇರಾರಿಗೆ ಕೈ ಮುಗಿದ. ನಾವು ಸೋತೆವು. ಎಷ್ಟರಿಂದ ಎಂಬುದು ನನಗೆ ನೆನಪಿಲ್ಲ. ಮುಗಿದ ಮೇಲೆ ದೊರೆಸ್ವಾಮಿಯವರು ಎಲ್ಲರ ಎದುರಿಗೆ, "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದರು. ಪೆರೇರಾ ನನಗೆ ಕಪ್ಪು ಚಹಾ ತರಿಸಿ, ಅಂಗೈಗೆ ಒಂದು ಬೆಲ್ಲದ ಚೂರು ಇಟ್ಟರು. ಸ್ವಂತ ತಂಡದವನನ್ನೇ ಹೊರಗೆ ಕಳಿಸಿದ ಇಂಥ ನಿಷ್ಪಕ್ಷಪಾತಿಯನ್ನು ನೋಡಿರಲಿಲ್ಲ ಎಂದು ಹೊಗಳಿದರು. ಆ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆನೋ ಎಸೆದೆನೋ, ಇವತ್ತಿಗೂ ಹೇಳಲಾರೆ.

ಹಡಗಿನ ಮೇಲೆ

ವಾಪಸು ಬರುವಾಗ ಸಮುದ್ರ ಶಾಂತವಾಗಿತ್ತು. ಹೋಗುವಾಗ ಅದನ್ನು ನೋಡಿ ಕುಣಿದವರು ಈಗ ಇಸ್ಪೀಟಾಡುತ್ತಿದ್ದರು. ಮುನಿರಾಜು ಕಂಬಿ ಹಿಡಿದು ಒಬ್ಬನೇ ನಿಂತಿದ್ದ. ಎರಡು ದಿನ ನನ್ನ ಪೆಟ್ಟಿಗೆ ಹೊತ್ತಿದ್ದ, ಊಟಕ್ಕೆ ಕರೆದಿದ್ದ, ಅದರಾಚೆ ಮಾತಿಲ್ಲ. ನಾನು ಹತ್ತಿರ ಹೋಗಿ ನಿಂತೆ. ಹೇಗೆ ಶುರು ಮಾಡುವುದು ಎಂದು ಯೋಚಿಸುತ್ತಿದ್ದೆ.

"ಏಳು" ಎಂದ ಅವನು, ನೀರಿನ ಕಡೆ ನೋಡುತ್ತ. "ಆಮೇಲೆ ಐದು. ಆಮೇಲೆ ಹನ್ನೊಂದು. ನಂದು ಒಂದೇ."

ನಾನು ಅವನ ಕಡೆ ತಿರುಗಿದೆ.

"ನಾನು ನಿಮ್ಮ ಕೈಲಿ ಕಲ್ತೋನು ಮೇಷ್ಟ್ರೇ. ನೀವು ಏನು ತೋರ್ಸಿದ್ರೀಂತ ಆ ಊರಲ್ಲಿ ಗೊತ್ತಿದ್ದೋನು ನಾನೊಬ್ನೇ. ನೀವು ಮೇಜಿನ ಹತ್ರ ಹೋದ್ರಲ್ಲ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ನಿಂತಿದ್ದೆ."

"ನೀನೇ ಯಾಕೆ ಹೇಳಲಿಲ್ಲವೋ?"

"ಮೇಷ್ಟ್ರು ಸುಳ್ಳು ಹೇಳ್ತಾರೆ ಅಂತ ನಾನು ಹೆಂಗೆ ಹೇಳ್ಲಿ? ಅದೂ ಪರದೇಸದಲ್ಲಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಮೊಣಕೈ ನನ್ನ ಹಲ್ಲಿಗೆ ಬಿದ್ದಿದ್ದರೂ ಸರಿಯೇ. ಬೆಂಗಳೂರು ಸೇರಿದ ಕೂಡಲೇ ಸೆಕ್ರೆಟರಿಯವರಿಗೆ ಎಲ್ಲ ಹೇಳುತ್ತೇನೆ ಎಂದೆ. ಅವನು ತಲೆಯಾಡಿಸಿದ, ಹೌದೆಂದೋ ಬೇಡವೆಂದೋ ತಿಳಿಯಲಿಲ್ಲ. ಮಂಡಪಂನಲ್ಲಿ ನಂಜುಂಡಪ್ಪ ಜ್ವರ ಬಿಟ್ಟು, ಗಡ್ಡ ಬೆಳೆಸಿಕೊಂಡು ಕಾದಿದ್ದ. "ಲೆಕ್ಕ ಎಲ್ಲಾ ಸರಿ ಹೋಯ್ತಾ?" ಎಂದು ಕೇಳಿದ. ಮುನಿರಾಜು ಬಗ್ಗಿ ನನ್ನ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದ.

ಬೆಂಗಳೂರು

ಹೇಳಿದೆ. ಅಷ್ಟರ ಮಟ್ಟಿಗೆ ಮಾತು ಉಳಿಸಿಕೊಂಡೆ. ಮೂರು ದಿನ ಬಿಟ್ಟು ದೊರೆಸ್ವಾಮಿಯವರ ಮನೆಗೆ ಹೋಗಿ, ಜಗುಲಿಯ ಮೇಲೆ ಕೂತು, ನನ್ನ ಕೈಯನ್ನು ಹಾಗೆ ಹೀಗೆ ಮಾಡಿ ತೋರಿಸಿ ಎಲ್ಲ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

"ಅಲ್ಲಿ ಹೇಳಿದ್ರೆ ಅದು ಸಾಕ್ಷಿ ಆಗ್ತಿತ್ತು ಮೇಷ್ಟ್ರೇ. ಇಲ್ಲಿ ಹೇಳಿದ್ರೆ ಶಿಫಾರಸು ಆಗುತ್ತೆ. ನಿಮ್ಮೂರ ಹುಡುಗ, ನಿಮ್ಮ ಶಿಷ್ಯ, ನಿಮಗೆ ಮರುಕ ಇರೋದು ಸಹಜ."

"ಪ್ರಮಾಣ ಮಾಡಿ ಹೇಳ್ತೀನಿ ಸ್ವಾಮಿ."

"ತಪ್ಪಿಲ್ಲ ಅಂತ ನೀವೇ ಹೇಳಿದ್ರಿ. ಇಂಗ್ಲಿಷಲ್ಲಿ ಹೇಳಿದ್ರಿ. ನನ್ನ ಕಿವಿಯಲ್ಲೇ ಕೇಳ್ದೆ."

ಕೆಲಸಕ್ಕೆ ಆಗಲೇ ಬೇರೆಯವನನ್ನು ಬರೆದುಕೊಂಡಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗ ಯೋಚಿಸಿದರೆ ಅವರು ಆಡಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಸುಳ್ಳು ಆಡಿದವನು ನಾನೊಬ್ಬನೇ.

ಮತ್ತೆ ಹೊಸಕೋಟೆ

ಗೌರಿಯನ್ನು ಆ ಶ್ರಾವಣದಲ್ಲೇ ಗಿರಣಿಯಲ್ಲಿ ಕೆಲಸಕ್ಕಿದ್ದ ಒಬ್ಬನಿಗೆ ಕೊಟ್ಟರು. ಮುನಿರಾಜು ಮದುವೆಗೆ ಹೋಗಿ ಊಟ ಬಡಿಸಿ ಬಂದನಂತೆ. ಕ್ಲಬ್ಬಿಗೆ ಆಡುವುದನ್ನು ಬಿಟ್ಟ. ಆಮೆ ಚಿಪ್ಪಿನ ಹೇರ್‌ಪಿನ್ನು ಏನಾಯಿತೆಂದು ಕೇಳುವ ಮುಖ ನನಗಿಲ್ಲ.

ನಾನು ಈಗಲೂ ಬಯಲಿನಲ್ಲಿ ಸೀಟಿ ಊದುತ್ತೇನೆ. ನಂಬರು ತೋರಿಸುವಾಗ ಎರಡು ಕೈಯನ್ನೂ ಎತ್ತುತ್ತೇನೆ, ಬಾಯಲ್ಲೂ ಕೂಗುತ್ತೇನೆ, ಮೇಜಿನವರು ತಿರುಗಿ ಕೂಗುವ ತನಕ ಆಟ ಬಿಡುವುದಿಲ್ಲ. ಮೇಷ್ಟ್ರಿಗೆ ಸಿಂಹಳಕ್ಕೆ ಹೋಗಿ ಬಂದ ಮೇಲೆ ಶಿಸ್ತು ಜಾಸ್ತಿಯಾಯಿತು ಎಂದು ನಂಜುಂಡಪ್ಪ ಹೇಳಿಕೊಂಡು ತಿರುಗುತ್ತಾನೆ.

ಮೊನ್ನೆ ಬೆಳಗ್ಗೆ ಮದ್ರಾಸ್ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮುನಿರಾಜುವಿನ ಗಾಡಿ ಬಂತು, ಹಿಂದೆ ತರಕಾರಿ ಬುಟ್ಟಿಗಳ ರಾಶಿ. ನನ್ನನ್ನು ನೋಡಿದ, ಎತ್ತು ನಿಲ್ಲಿಸಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು, "ಎಷ್ಟು ಬುಟ್ಟಿಯಪ್ಪಾ ಇವತ್ತು?" ಎಂದು ಕೂಗಿದೆ. ಗಾಡಿ ಅಷ್ಟು ಹೊತ್ತಿಗೆ ಮುಂದೆ ಹೋಗಿತ್ತು. ಅವನು ತಿರುಗದೆಯೇ ಬಲಗೈಯನ್ನು ತಲೆಯ ಮೇಲೆ ಎತ್ತಿದ, ಹೆಬ್ಬೆರಳನ್ನು ಒಂದು ಬೆರಳಿನ ಮೇಲೆ ಒತ್ತಿಕೊಂಡು. ಯಾವ ಬೆರಳು, ಯಾವ ಗೆಣ್ಣು ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡಿದೆ. ನಿಂತಿದ್ದ ಮೂರು ಬೆರಳು ಬಿಟ್ಟು ನನಗೆ ಬೇರೇನೂ ಕಾಣಲಿಲ್ಲ.